ಎಡಮಗ್ಗುಲು

ಎಡಮಗ್ಗುಲಲ್ಲಿ ಎದ್ದೆಯೇನೇ ಎಂದು ಅಮ್ಮ ಬೈಯುತ್ತಿದ್ದಳು.
ಈಗ ನನ್ನ ಕಸುಬೇ ಅದು:
ಪರೇಲಿನ ಈ ಕಿಟಕಿಯಿಲ್ಲದ ಕೋಣೆಯಲ್ಲಿ
ದಿನಕ್ಕೆ ಇಪ್ಪತ್ತೆರಡು ಜನರನ್ನು
ಎಡಮಗ್ಗುಲಿಗೆ ಹೊರಳಿಸುವುದು.

ಅಂದಿನ ಹದಿನಾರನೆಯವಳು ಹೌಸಾಬಾಯಿ ತಾಂಡೇಲ್,
ಸಸೂನ್ ಡಾಕಿನಲ್ಲಿ ಮೀನು ಮಾರುವವಳು.
ನತ್ತು ತೆಗೆಯಲು ಒಪ್ಪಲಿಲ್ಲ. ಇರಲಿ ಬಿಡಿ ಅಂದೆ,
ಧ್ವನಿಗೆ ಚಿನ್ನ ಅಡ್ಡ ಬರುವುದಿಲ್ಲ.
ಮಲಗಿದರೆ ಉಸಿರು ಕಟ್ಟುತ್ತದಂತೆ,
ಎದ್ದು ಕೂತರೆ ಬಿಡುತ್ತದಂತೆ,
ಮೂರು ತಿಂಗಳು ಗ್ಯಾಸಿನ ಗುಳಿಗೆ ನುಂಗಿದ್ದಾಳೆ.

ತಣ್ಣನೆ ಜೆಲ್ ಹಚ್ಚಿ
ಪಕ್ಕೆಲುಬಿನ ಸಂದಿಗೆ ಪ್ರೋಬಿನ ಮೂತಿ ಊರಿದೆ.
ಕಪ್ಪಗೆ ರಕ್ತ, ಬೆಳ್ಳಗೆ ಗೋಡೆ,
ಎರಡು ರೆಕ್ಕೆಯ ಕವಾಟ,
ಅದು ತೆರೆದಾಗ
ಏನೋ ಇಣುಕಿತು.
ಹಿಂದೆ ಸರಿಯಿತು.
ಮತ್ತೆ ಇಣುಕಿತು.

ತೊಟ್ಟಿನಿಂದ ಗೋಡೆಗೆ ಕಚ್ಚಿಕೊಂಡ
ಲೋಳೆಯ ಉಂಡೆ,
ಬಡಿತ ಬಡಿತಕ್ಕೂ ಹೊಸಿಲ ತನಕ ಬಂದು
ಮರಳುತ್ತಿತ್ತು.

ಪರದೆಯ ಮೇಲೆ ಎದೆಯನ್ನು ನಿಲ್ಲಿಸಿ ಅಳೆದೆ:
ನಾಲ್ಕೂಮುಕ್ಕಾಲು ಸೆಂಟಿಮೀಟರು.
ಚೂರೊಂದು ಕಳಚಿದರೆ ಮೆದುಳು ದೂರವಿಲ್ಲ.
ಹೇಳುವ ಅಧಿಕಾರ ನನ್ನದಲ್ಲ, ಡಾಕ್ಟರರದು.
ನನ್ನ ಮುಖಕ್ಕೆ ಈ ನಿಯಮ ಯಾರೂ ಕಲಿಸಿರಲಿಲ್ಲ.

ಇತ್ತ ತಿರುಗಿಸು, ಅಂದಳು.
ತಿರುಗಿಸಿದೆ. ತಪ್ಪು.
ಕಿವಿರು ಎತ್ತಿ ಮೀನು ಪರೀಕ್ಷಿಸುವವರ ಹಾಗೆ
ಕಣ್ಣು ಕಿರಿದು ಮಾಡಿ ನೋಡಿದಳು.
ಲೋಳೆಮೀನು, ಅಂದಳು. ಬಲೆಗೆ ಬೀಳುತ್ತದಲ್ಲ, ಹಾಳಾದ್ದು.
ಹಿಂಡಬಾರದು, ಎಳೆಯಬಾರದು,
ಬುಡಸಮೇತ ಎತ್ತಬೇಕು,
ಬೇಕಾದರೆ ಎರಡು ಕಣ್ಣು ಬಲೆ ಹೋಗಲಿ.

ಮರುದಿನ ಸರ್ಜನ್ ಇದನ್ನೇ
ಚಿತ್ರ ಬರೆದು
ಅವಳ ಮಗನಿಗೆ ಇಪ್ಪತ್ತು ನಿಮಿಷ ವಿವರಿಸಿದರು.

ಈಗ ವರ್ಷಕ್ಕೊಮ್ಮೆ ಬರುತ್ತಾಳೆ,
ಎದೆಯ ನಡುವೆ ಗೇಣುದ್ದದ ಹೊಲಿಗೆ.
ಅದು ಕಚ್ಚಿಕೊಂಡಿದ್ದ ಜಾಗದಲ್ಲಿ
ಬೇಕೆಂದೇ ಎರಡು ಸಲ ಹುಡುಕುತ್ತೇನೆ.
ಕಪ್ಪು. ಬರೀ ಕಪ್ಪು. ಬರುವ ರಕ್ತ, ಹೋಗುವ ರಕ್ತ.
ಇಲ್ಲಿ ಕಪ್ಪು ಕಂಡರೆ ಒಳ್ಳೆಯದೆಂದು ಅವಳಿಗೂ ಗೊತ್ತು,
ಆದರೂ ನನ್ನ ಮುಖವನ್ನೇ ನೋಡುತ್ತಿರುತ್ತಾಳೆ.

ಜೆಲ್ ಒರೆಸಿಕೊಳ್ಳುತ್ತ
ನಿನ್ನ ಲೋಳೆ ನನ್ನ ಮೀನಿಗಿಂತ ತಣ್ಣಗೆ, ಎಂದು ಗೊಣಗಿ
ಒಣ ಬೊಂಬಿಲಿನ ಪೊಟ್ಟಣವೊಂದನ್ನು
ಕೀಬೋರ್ಡಿನ ಪಕ್ಕ ಇಟ್ಟು ಹೋಗುತ್ತಾಳೆ.

ಹದಿನೇಳನೆಯವರು, ಮಾಟುಂಗಾದ ನಿವೃತ್ತ ಮೇಷ್ಟ್ರು,
ಮೂಗು ಮುಚ್ಚಿಕೊಂಡೇ
ಎಡಮಗ್ಗುಲಿಗೆ ಹೊರಳಿದರು.