ಒಂಬತ್ತು ಸೆಂಟಿಮೀಟರ್

ಕಿಲೋ ಕಲಿಸುವುದು ಕಷ್ಟವಾಗಲಿಲ್ಲ.
ಸಿಮೆಂಟಿನ ಚೀಲ ಐವತ್ತು ಎಂದು
ಝುವಾರಿನಗರದ ಈ ಐದನೆಯ ಇಯತ್ತೆಗೆ
ಪಾಠಕ್ಕೆ ಮೊದಲೇ ಗೊತ್ತು;
ಅಪ್ಪನ ಬೆನ್ನನ್ನು ಕೇಳಿದರೆ ಸಾಕು.

ಲೀಟರೂ ಅಷ್ಟೆ.
ಟ್ಯಾಂಕರು ಬಂದ ದಿನ ಹಾಜರಿ ಅರ್ಧಕ್ಕರ್ಧ.
ನೀಲಿ ಡ್ರಮ್ಮಿಗೆ ಇನ್ನೂರು, ಕೊಡಕ್ಕೆ ಹದಿನೈದು.
ಏರುವಾಗ ಲಂಗದ ಮೇಲೆ ಚೆಲ್ಲಿದ್ದನ್ನು
ಮಿಲಿಲೀಟರಿನಲ್ಲಿ ಹೇಳಿರಿ ಅಂದೆ.
ನಕ್ಕರು.

ತೊಡಕಿದ್ದದ್ದು ಮೀಟರಿನಲ್ಲಿ.

ಗೌಂಡಿಯ ಮಗ ದಾದಾಪೀರ
ಅಪ್ಪನ ಟೇಪನ್ನು ಹೇಳದೆ ಕೇಳದೆ ತಂದಿದ್ದ.
ಮೇಜಿನ ಮೇಲೆ ಎಳೆದೆವು, ಸರ್ರನೆ ಒಳಗೋಡಿತು,
ಮತ್ತೆ ಎಳೆದು ಡಸ್ಟರ್ ಹೇರಿದೆವು.
ಒಂದು ಅಂಚಿಗೆ ಇಂಚು. ಹೆಬ್ಬೆರಳು ತಿಕ್ಕಿ ತಿಕ್ಕಿ
ಏಳು, ಎಂಟು, ಒಂಬತ್ತು ಅಳಿಸಿಯೇ ಹೋಗಿವೆ.
ಇನ್ನೊಂದು ಅಂಚಿಗೆ ಸೆಂಟಿಮೀಟರು.
ಅಂಗಡಿಯಿಂದ ತಂದಾಗಿನ ಹಾಗೇ, ಕಪ್ಪು ಮಾಸಿಲ್ಲ.
ಗೋವೆಯ ಎಷ್ಟು ಗೋಡೆಗಳಿಗೆ
ಇಂಚಿನ ಜೊತೆಗೇ ಹೋಗಿ ಬಂದಿದೆ,
ಮಾತಾಡಿಸಿದವರಿಲ್ಲ.

ನೂರು ಸೆಂಟಿಮೀಟರು ಒಂದು ಮೀಟರು,
ಮೂರು ಸಲ ಹೇಳಿಸಿದೆ.
ಮೂರನೆಯ ಸಲಕ್ಕೆ ದಾಬೋಲಿಗೆ ವಿಮಾನ ಇಳಿಯಿತು.
ಮೂವತ್ತು ಬಾಯಿ ಆಡುತ್ತಿದ್ದವು, ಒಂದೂ ಕೇಳಲಿಲ್ಲ.

ಮನೆಗೆಲಸ: ನಿಮ್ಮ ಮನೆಯ ಉದ್ದ, ಅಗಲ.
ಹಲಗೆಯ ಮೇಲೆ ಮನೆ ಬರೆದು ತೋರಿಸಿದೆ,
ಒಂದು ಬಾಗಿಲು, ಎರಡು ಕಿಟಕಿ.
(ಕಿಟಕಿ ನನ್ನ ಕಡೆಯಿಂದ.)

ಮರುದಿನ ದ್ಯಾಮವ್ವನ ಪುಟ ಖಾಲಿ.
"ಮನಿ ಅಳೀಬಾರದ್ರಿ ಟೀಚರ್."
ಯಾಕವ್ವಾ?
"ದಂಡಿ ಮ್ಯಾಲಿದ್ದಾಗ ಸಾಹೇಬ್ರು ಬಂದು ಅಳದ್ರಿ.
ಮೀಟರ್ ಮೀಟರ್ ಅಂತ ಬರಕೊಂಡು
ಗ್ವಾಡಿಗೆ ಕೆಂಪು ನಂಬರ ಹಾಕಿದ್ರು.
ಆಮ್ಯಾಲೆ ಜೆಸಿಬಿ ಬಂತ್ರಿ."

ಅವರ ಓಣಿಯಲ್ಲಿ
ಉಸುಕು ಬ್ರಾಸಿನಲ್ಲಿ, ಗೋಡೆ ಫೂಟಿನಲ್ಲಿ,
ಕಡ ತಂದ ಸಕ್ಕರೆ ವಾಟಿಯಲ್ಲಿ,
ಊರು, ಬಸ್ಸಿನಲ್ಲಿ ಒಂದು ರಾತ್ರಿ.
ಮೀಟರನ್ನು ಬಾಯಲ್ಲಿಟ್ಟುಕೊಂಡು ಬಂದವರು
ಕಾಲಿಗೆ ಬೂಟಿದ್ದವರು ಮಾತ್ರ.
ನನ್ನ ಕಾಲಲ್ಲಿ ಚಪ್ಪಲಿ.
ಕೈಯಲ್ಲಿ ಚಾಕ್‌ಪೀಸು, ಹಲಗೆಯ ಮೇಲೆ
ನಾನೇ ದುಂಡಗೆ ಬರೆದ ಅದೇ ಮಾತು.

ಮನೆ ಬೇಡ, ನಿನಗೆ ಬೇಕಾದ್ದನ್ನು ಅಳೆದು ಬಾ
ಎಂದು ಶಾಲೆಯ ಮರದ ಸ್ಕೇಲು ಕೊಟ್ಟು ಕಳಿಸಿದೆ.
ಮೂರು ದಿನ ಸ್ಕೇಲೂ ಇಲ್ಲ, ಹುಡುಗಿಯೂ ಇಲ್ಲ.
ಹೆಡ್ ಮಾಸ್ತರು ಎರಡು ಸಲ ಕೇಳಿದರು,
ಸ್ಕೇಲಿನ ಬಗ್ಗೆ.

ನಾಲ್ಕನೆಯ ದಿನ, ಪೆನ್ಸಿಲಿನಲ್ಲಿ:
ಅವ್ವನ ಮೊಳ ೪೩
ನನ್ನ ಮೊಳ ೩೪
ಕೆಳಗೆ ಗೆರೆ. ದಶಕ ಕಡ ತಂದ ಗುರುತು.
ಅದರ ಕೆಳಗೆ ೯.

"ವಾಸ್ಕೋ ಮಾರ್ಕೆಟ್ಟಿಗೆ ಅಬ್ಬಲಿಗಿ ಮಾರಾಕ
ಅವ್ವನ ಬದಲಿ ನಾ ಕುಂತ್ರ
ಮೊಳಕ್ಕ ಒಂಬತ್ತು ಸೆಂಟಿಮೀಟರ್ ಉಳಿತೈತ್ರಿ."

ಕೆಂಪು ಪೆನ್ನು ಹಿಡಿದು ತಪ್ಪು ಹುಡುಕಿದೆ.
ಲೆಕ್ಕದಲ್ಲಿ ಇರಲಿಲ್ಲ.
ಪೆನ್ನು ಬದಲಿಸಿ, ನೀಲಿಯಲ್ಲಿ ಸರಿ ಹಾಕಿದೆ.

ಶುಕ್ರವಾರ ಸಂಜೆ ಮಾರ್ಕೆಟ್ಟಿನಲ್ಲಿ
ಅವ್ವ ಚಹಾಕ್ಕೆ ಎದ್ದಿದ್ದಳು, ಬುಟ್ಟಿಗೆ ಇವಳು.
ಒಂದು ಮೊಳ ಕೊಡು ಅಂದೆ.
ನಡುಬೆರಳಿಗೆ ದಾರ ಸಿಕ್ಕಿಸಿ ಮೊಣಕೈಗೆ ಎಳೆದಳು,
ನನ್ನ ಮುಖ ನೋಡಿದಳು,
ಒಂದಿಷ್ಟು ತಡೆದು
ಮೊಣಕೈ ದಾಟಿಸಿ ನಾಲ್ಕು ಬೆರಳು ಬಿಟ್ಟು ಕತ್ತರಿಸಿದಳು.

ಮನೆಗೆ ಬಂದು, ಮುಡಿಯುವ ಮೊದಲು
ಅಳೆದೆ.
ನಲವತ್ತೊಂದು.