ಮೊದಲಿದ್ದಂತೆ

ಬ್ರೆಮರ್‌ಹಾಫೆನ್, ಮೀನುಬಂದರಿನ ಹಿಂಬೀದಿ, ಹನ್ನೊಂದನೆಯ ಮನೆ.
ಮೂರು ಮೆಟ್ಟಿಲು, ಒಂದೊಂದೂ ಹದಿನೇಳು ಸೆಂಟಿಮೀಟರು.
ನಾನು ಬಡಗಿ. ಮೊಣಕಾಲೂರಿ ಅಳೆದೆ:
ಐವತ್ತೊಂದು ಏರಲು
ಎಂಟೂವರೆ ಮೀಟರು ಓಡಬೇಕು ಇಳಿಜಾರು;
ಅಂಗಳ ಇರುವುದೋ ಏಳೇ.
ನಡುವೆ ಒಂದು ತಿರುವು ಕೊಡುವ, ಎಂದೆ.
ಕಿಟಕಿಯಿಂದ ಹೆನ್ರೀಕೆ ತ್ಯಾರ್ಕ್ಸ್ ಕೂಗಿದಳು:
"ತಿರುವಿನಲ್ಲಿ ಒಂದು ಸಿಗರೇಟು ಮುಗಿಯುವಷ್ಟು
ಅಗಲ ಬಿಡು ಮಾರಾಯ."

ಇಪ್ಪತ್ತಾರು ವರ್ಷ ಹೆರಿಂಗ್ ಮೀನು ಸೀಳುತ್ತ
ನಿಂತೇ ದುಡಿದವಳು. ಈಗ ಕೂತಿದ್ದಾಳೆ.
ಹೊರಗೆ ಹೋಗಬೇಕೆಂದರೆ ಮೇಲ್ಮಹಡಿಯ ಹುಡುಗರು
ಹಿಂದೊಬ್ಬ ಮುಂದೊಬ್ಬ ಗಾಲಿಕುರ್ಚಿ ಎತ್ತಬೇಕು.
"ಆಲೂಗಡ್ಡೆ ಮೂಟೆಯೇ ವಾಸಿ," ಅನ್ನುತ್ತಾಳೆ,
"ಇಳಿಸಿದವರ ಉಪಕಾರ ಅದು ನೆನೆಯಬೇಕಿಲ್ಲ."

ಯಾರು ಕೊಡಬೇಕು ಹಣ?
ನಗರಸಭೆ ಬರೆಯಿತು: ಬೀದಿ ನಮ್ಮದು, ಮೆಟ್ಟಿಲು ಮಾಲೀಕರದು.
ವಿಮೆಯವರು ಬರೆದರು: ಕುರ್ಚಿ ನಮ್ಮದು,
ಅದು ಹೋಗುವ ದಾರಿ ನಮ್ಮದಲ್ಲ.
ಮಾಲೀಕ ವೂಬೆನಾ ಸಭ್ಯಸ್ಥ; ಬೇಡವೆನ್ನಲಿಲ್ಲ.
ಅಪ್ಪಣೆ ನನ್ನದು, ಖರ್ಚು ತಮ್ಮದು,
ಎರಡು ತಿಂಗಳ ಬಾಡಿಗೆ ಹೆಚ್ಚುವರಿ ಠೇವಣಿ;
ಬಿಟ್ಟುಹೋಗುವಾಗ ಎಲ್ಲವನ್ನೂ
ಮೊದಲಿದ್ದಂತೆ ಮಾಡಿಕೊಡತಕ್ಕದ್ದು.
ಕೊನೆಯ ಸಾಲಿನ ಕೆಳಗೆ ಗೆರೆ,
ಸ್ಕೇಲಿಟ್ಟು ಎಳೆದದ್ದು.

ತಮ್ಮನ ಹತ್ತಿರ ಅರ್ಧ ತಂದಳು.
ಉಳಿದದ್ದು ತಿಂಗಳಿಗೆ ಅರವತ್ತು ಯೂರೋ, ನನ್ನ ಪುಸ್ತಕದಲ್ಲಿ.
ಲಾರ್ಚ್ ಮರದ ಹಲಗೆ, ಜಾರದಂತೆ ಗೀರು ಕೊರೆದೆ,
ಮೆಟ್ಟಿಲು ಒಂದು ಬದಿಗೆ ಹಾಗೇ ಇರಲೆಂದು ಬಿಟ್ಟೆ.
ಬಾಗಿಲ ಹೊಸ್ತಿಲು ಕೊಯ್ದು ತೆಗೆದು
ಹಳೆಯ ಪತ್ರಿಕೆಯಲ್ಲಿ ಸುತ್ತಿ ನೆಲಮಾಳಿಗೆಯಲ್ಲಿಟ್ಟೆವು,
ಯಾರದೋ ಅಡವಿಟ್ಟ ಒಡವೆಯಂತೆ.

ಮೂರು ಚಳಿಗಾಲ.
ಹಲಗೆ ಬೂದಿಬಣ್ಣಕ್ಕೆ ತಿರುಗಿತು.
ಅಂಚೆಯವಳ ತಳ್ಳುಗಾಡಿ ಅದರ ಮೇಲೇ ಬಂತು,
ಮೇಲ್ಮಹಡಿಯ ರಾನ್ಯಾಳ ಅವಳಿ ಮಕ್ಕಳ ಗಾಡಿ,
ಬಿಯರ್ ಪೆಟ್ಟಿಗೆ, ಒಂದು ಪಿಯಾನೋ ಕೂಡ.
ಸೊಂಟದ ಆಪರೇಷನ್ನಾದ ವರ್ಷ ವೂಬೆನಾ
ನೀರಿನ ಮೀಟರು ಓದಲು ಬಂದವನು
ಮೆಟ್ಟಿಲ ಕಡೆ ಒಮ್ಮೆ ನೋಡಿ
ಕಂಬಿ ಹಿಡಿದು ಹಲಗೆಯ ಮೇಲೇ ಏರಿದ.
ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡ.
ಹೆನ್ರೀಕೆ ಅವನಿಗೊಂದು ಸಿಗರೇಟು ಕೊಟ್ಟಳು.
ಬಿಲ್ಲು ಕೊಡಲಿಲ್ಲ.

ಈಗ ಅವಳಿಗೆ ಲಿಫ್ಟಿರುವ ಮನೆ ಸಿಕ್ಕಿದೆ, ನದಿಯಾಚೆ.
ಕಾಗದ ಬಂತು; ಅದೇ ಗೆರೆ.
ನನ್ನನ್ನೇ ಕರೆದಳು: "ಕಟ್ಟಿದ ಕೈಗೇ ಗೊತ್ತು
ಎಲ್ಲೆಲ್ಲಿ ಸ್ಕ್ರೂ ಇದೆಯೆಂದು."
ಬಿಚ್ಚುವ ಕೂಲಿಯೂ ಅವಳದೇ.
ನಲವತ್ತು ವರ್ಷದ ಕಸುಬಿನಲ್ಲಿ
ಮುರಿದದ್ದನ್ನು ಸರಿಮಾಡಿದ್ದೇನೆ;
ಸರಿಯಿದ್ದದ್ದನ್ನು ಎಡವುವಂತೆ ಮಾಡಿಕೊಡೆಂದು
ಯಾರೂ ಕೇಳಿರಲಿಲ್ಲ.

ಹೊಸ್ತಿಲನ್ನು ಪತ್ರಿಕೆಯಿಂದ ಬಿಡಿಸಿದೆ.
ಮರ ಹಿಗ್ಗಿತ್ತು, ತನ್ನ ಜಾಗದಲ್ಲಿ ತಾನೇ ಕೂರಲೊಲ್ಲದು.
ಸುತ್ತಿಗೆಯಿಂದ ಬಡಿದು ಕೂರಿಸಿದೆ.
ಗಾಡಿ ಹಿಡಿದು ಬಾಗಿಲಲ್ಲಿ ನಿಂತಿದ್ದ ರಾನ್ಯಾ
ಏನೂ ಹೇಳಲಿಲ್ಲ; ಒಂದು ಮಗುವನ್ನು ನನ್ನ ಕೈಗಿತ್ತು
ಇನ್ನೊಂದನ್ನು ಇಳಿಸಿಕೊಂಡು ಹೋದಳು.

ಸಂಜೆ ವೂಬೆನಾ ತಪಾಸಣೆಗೆ ಬಂದ,
ಊರುಗೋಲು, ಮಡಿಸಿದ ಕಾಗದ.
ಮೊದಲ ಮೆಟ್ಟಿಲಿಗೆ ಕಾಲಿಟ್ಟು
ಎಡಗೈಯಿಂದ ಗಾಳಿಯಲ್ಲಿ ತಡಕಿದ.
"ಕಂಬಿ ಎಲ್ಲಿ?"
"ಮೊದಲು ಇರಲಿಲ್ಲ," ಎಂದೆ.