ಚುಕ್ಕಿಗೆರೆ

ಈ ಪುಸ್ತಕಕ್ಕೆ ಟೇಪು ಹಚ್ಚುತ್ತಿರುವುದು ಇದು ಐದನೇ ಸಲ.
ನಡುಮಡಿಕೆಯಲ್ಲಿ, ಹದಿನಾಲ್ಕು ಹದಿನೈದರ ಸಂದಿಯಲ್ಲಿ
ತಿಮಿಂಗಿಲದ ಬಾಲ ಒಂದು ಕಡೆ, ಮೈ ಒಂದು ಕಡೆ.
ಹರಿದವರು ಯಾರೂ ಇಲ್ಲ. ನೋಡಿ ನೋಡಿ ಸವೆದದ್ದು.
ಚಿಪ್ಸಿನ ಎಣ್ಣೆ ಮೆತ್ತಿದ ಬೆರಳು, ಶಾಯಿಯ ಬೆರಳು,
ಉಗುರು ಕಚ್ಚಿ ಕಚ್ಚಿ ಮೊಂಡಾದ ಒಂದು,
ಎಲ್ಲವೂ ದಕ್ಷಿಣದ ಹಿಮದಿಂದ ಹೊರಟು
ನೀಲಿಯ ಮೇಲಿನ ಬಿಳಿ ಚುಕ್ಕಿ ಚುಕ್ಕಿ ಹಿಡಿದು
ಬಿಸಿಲ ಕಡಲ ತನಕ ಹೋಗಿ, ಹೆರಿಗೆ ಮುಗಿಸಿ,
ಮರಿಯನ್ನು ಮಗ್ಗುಲಿಗಿಟ್ಟುಕೊಂಡು
ಮತ್ತೆ ಅದೇ ಚುಕ್ಕಿಯಲ್ಲಿ ವಾಪಸ್ಸು.
ದಾರಿ ಅರ್ಧ ಅಳಿಸಿದೆ.

ಊರ ಹೆಸರು ಸೂರ್.
ಕೊನೆಗೊಂದು ಕೊಂಬು ಕೊಟ್ಟರೆ ನಮ್ಮಲ್ಲಿ ಮಾಡು, ನೆರಳು.
ಹನ್ನೊಂದು ವರ್ಷವಾಯಿತು, ಇನ್ನೂ ಕೊಟ್ಟಿಲ್ಲ ನಾನು.

ಜೂನ್ ಎಂದರೆ ಲೈಬ್ರರಿಗೆ ಪುಸ್ತಕಗಳು ಮರಳುವ ಕಾಲ.
ಮಂಗಳೂರಿಗೆ ಟಿಕೆಟ್ಟು, ಕೊಚ್ಚಿಗೆ ಟಿಕೆಟ್ಟು,
ರಟ್ಟಿನ ಪೆಟ್ಟಿಗೆಗೆ ನೈಲಾನ್ ಹಗ್ಗ, ಬಚ್ಚಲ ತಕ್ಕಡಿಯ ಮೇಲೆ ತೂಕ,
ಹಾಲಿನ ಪುಡಿ ತೆಗೆದು ಖರ್ಜೂರ, ಖರ್ಜೂರ ತೆಗೆದು ಕಂಬಳಿ.
ಎಲ್ಲ ಬಂದವು. ತಿಮಿಂಗಿಲ ಒಂದು ಬಾಕಿ.
ಮೂರನೇ ಬಿ ತರಗತಿಯ ನುಸೈಬಾ, ದರ್ಜಿಯ ಮಗಳು,
ಕೊನೆಯ ದಿನ ಎದೆಗವಚಿ ತಂದಳು.
"ಟೇಪು ಹಚ್ಚಿ ನನಗೇ ಕೊಡಿ ಮಿಸ್.
ನಾವು ಈ ಸಲವೂ ಹೋಗುವುದಿಲ್ಲ."

ಮೇಜಿಗೆ ಗದ್ದ ಊರಿ ಕಾಯುತ್ತ ಕೇಳಿದಳು:
"ಅದು ಯಾಕೆ ಅಷ್ಟು ದೂರ ಹೋಗುತ್ತದೆ?"
ಬೆಚ್ಚಗಿನ ನೀರಿಗೆ, ಎಂದೆ.
"ಇಲ್ಲಿ ನೀರು ಬೆಚ್ಚಗೇ ಇದೆಯಲ್ಲ?"
ಅದಕ್ಕೆ ಊಟ ಒಂದು ಕಡೆ, ಮಕ್ಕಳು ಒಂದು ಕಡೆ, ಎಂದೆ.
ಅಂದ ಮೇಲೆ
ಹೇಳಿದ್ದು ಯಾರ ಕತೆಯೆಂದು ಗೊತ್ತಾಗಿ ಸುಮ್ಮನಾದೆ.

ಬಸ್ಸಿನ ಕೀಲಿ ತಿರುವುತ್ತ ಬಾಗಿಲಲ್ಲಿ ಖಲ್ಫಾನ್.
ಮಂಡಿ ಹೋಗುವ ತನಕ ಮಸೀರಾ ದ್ವೀಪದಲ್ಲಿ ಬಲೆ ಎಳೆದವನು.
ಚಿತ್ರ ನೋಡಿ, "ಹೂತ್" ಎಂದ.
ನನ್ನ ಕಿವಿಗೆ ಅದು ಹೂತದ್ದು, ಮರಳಡಿಯದ್ದು, ಮೇಲೇಳದ್ದು.
ಅವನ ಅಂಗೈ ಬಾಲವಾಗಿ ಎದ್ದು, ಬಾಗಿ,
ಮೇಜಿಗೆ ಅಪ್ಪಳಿಸಿತು.
ಪೆನ್ಸಿಲ್ ಡಬ್ಬಿ ಹಾರಿತು. ನುಸೈಬಾ ಕಿರುಚಿ ನಕ್ಕಳು.

"ನಮ್ಮದು ಹೋಗುವುದಿಲ್ಲ," ಎಂದ
(ಅವನ ಹಿಂದಿ ಅರ್ಧ, ನನ್ನ ಅರಬ್ಬಿ ಕಾಲು).
"ಅಪ್ಪ ನೋಡಿದ್ದು ಇಲ್ಲೇ, ನಾನು ನೋಡಿದ್ದು ಇಲ್ಲೇ.
ಸೆಖೆಗೂ ಇಲ್ಲೇ, ಚಳಿಗೂ ಇಲ್ಲೇ.
ರಾತ್ರಿ ಬಲೆ ಬಿಟ್ಟು ದೋಣಿಯಲ್ಲಿ ಮಲಗಿದರೆ
ಹಲಗೆಯ ಕೆಳಗಿಂದ ಅದರ ದನಿ.
ಕಿವಿಗಿಂತ ಮೊದಲು ಹಲ್ಲಿಗೆ ಗೊತ್ತಾಗುತ್ತದೆ."
"ಮತ್ತೆ ಊಟ?"
"ಗಾಳಿ ತರುತ್ತದೆ," ಎಂದ. "ಖರೀಫ್."

ಹೌದು, ಅದೇ ಗಾಳಿ.
ನನ್ನವರ ಒಗೆದ ಬಟ್ಟೆ ವಾರವಿಡೀ ಒಣಗದಂತೆ ಮಾಡುವುದು
ಇಲ್ಲಿ ಹಾಯುವಾಗ ನಮ್ಮ ಬೀದಿಗೆ ಒಂದು ಹನಿ ಕೊಡುವುದಿಲ್ಲ.
ಆದರೆ ಕಡಲ ತಳದ ತಣ್ಣೀರನ್ನು ಎಬ್ಬಿಸಿ ಮೇಲೆ ತರುತ್ತದೆ,
ಅದರ ಬೆನ್ನಿಗೆ ಪಾಚಿ, ಸೀಗಡಿಯ ಧೂಳು, ಬೂತಾಯಿಯ ಬೆಳ್ಳಿ.
ಹಿಮದ ಕಡಲೇ ಎದ್ದು ಬಾಗಿಲಿಗೆ ಬಂದ ಹಾಗೆ.
ಇನ್ನು ಎಲ್ಲಿಗೆ, ಯಾಕೆ ಹೋಗಬೇಕು ಅದು?
ಅಥವಾ ಯಾವುದೋ ಒಂದು ವರ್ಷ
ಈ ಸಲ ಬೇಡ, ಮುಂದಿನ ಸಲ ಎಂದುಕೊಂಡಿತೋ ಏನೋ.

ಪುಸ್ತಕದ ಭೂಪಟದಲ್ಲಿ ನಾವಿರುವ ಮೂಲೆಗೆ
ಚುಕ್ಕಿಯೂ ಇಲ್ಲ, ಬಾಣವೂ ಇಲ್ಲ.
ನಾನೇ ಹೊಡೆದ ಶಾಲೆಯ ಮೊಹರು ಕೂತಿದೆ, ನೇರಳೆ, ಓರೆ.
ನುಸೈಬಾ ಪೆನ್ಸಿಲು ಎತ್ತಿದಳು.
ಗೋಡೆಯ ಮೇಲೆ ನನ್ನದೇ ಅಕ್ಷರ:
ಪುಸ್ತಕದಲ್ಲಿ ಗೀಚಬಾರದು.
ಅವಳು ನನ್ನನ್ನು ನೋಡಿದಳು, ನಾನು ಖಲ್ಫಾನನನ್ನು,
ಅವನು ಕಿಟಕಿಯಾಚೆ ಬಸ್ಸನ್ನು.

ಮೊಹರಿನ ಒಳಗೆ ಒಂದು ಪುಟ್ಟ ಬೆನ್ನು ಬಂತು,
ಬಾಲ ಬಂತು, ಮೊಗ್ಗಿನಂಥ ಕಣ್ಣು.
ಪೆನ್ಸಿಲಿನ ತುದಿ ಅಲ್ಲೇ ಊರಿ,
"ಮಿಸ್, ಗೆರೆ ಎಲ್ಲಿಗೆ ಎಳೆಯಲಿ?" ಎಂದಳು.

ಟೇಪಿನ ಸುರುಳಿ ತಿರುಗಿಸುತ್ತಿದ್ದೆ,
ಉಗುರಿನಿಂದ ತಡವಿ ತಡವಿ.
ತುದಿ ಸಿಗುತ್ತಿರಲಿಲ್ಲ.